ಹೆಸರಿಗಿಂತ ಮೊದಲು ನೆರವು

ಒಬ್ಬರು: ಈಗೀಗ ಎರಡು ವರ್ಷದ ಮಗುವಿಗೆ ಮಾತು ಬಂದಿಲ್ಲ ಎಂದರೆ ಸಾಕು, ‘ಡೆವಲಪ್‌ಮೆಂಟಲ್ ಪೀಡಿಯಾಟ್ರಿಷನ್ ಹತ್ತಿರ ತೋರಿಸಿ’ ಅನ್ನುತ್ತಾರೆ. ಮಕ್ಕಳ ಡಾಕ್ಟರು ಗೊತ್ತು, ನರರೋಗದ ಡಾಕ್ಟರು ಗೊತ್ತು, ಮನೋವೈದ್ಯರೂ ಗೊತ್ತು. ಇವರು ಯಾರು ಹೊಸಬರು? ನಮ್ಮ ಹಿರಿಯರು ಇವರ ಹೆಸರು ಕೂಡ ಕೇಳದೆ ಮನೆ ತುಂಬ ಮಕ್ಕಳನ್ನು ಬೆಳೆಸಿದರು. ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಬಾಯಿ ಬಿಟ್ಟಿದ್ದು ನಾಲ್ಕಕ್ಕೇ, ಒಂದಿಷ್ಟು ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಎಲ್ಲ ಸರಿಹೋಗುತ್ತದೆ ಎನ್ನುವ ಅಜ್ಜಿಯರ ಮಾತಿನಲ್ಲಿ ಹುರುಳೇ ಇಲ್ಲವೆ?

ಇನ್ನೊಬ್ಬರು: ಇದೆ. ಎಷ್ಟಿದೆ ಎಂದು ಅಳೆದೂ ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಯಾರ ಆಸರೆಯೂ ಇಲ್ಲದೆ ನಡೆಯುವುದನ್ನು ಕೆಲವು ಮಕ್ಕಳು ಎಂಟು ತಿಂಗಳು ದಾಟುತ್ತಿದ್ದಂತೆ ಕಲಿತರೆ, ಇನ್ನು ಕೆಲವರು ಹದಿನೇಳೂವರೆ ತಿಂಗಳವರೆಗೆ ತೆಗೆದುಕೊಳ್ಳುತ್ತಾರೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರ ನಡೆದುಬಿಡುತ್ತಾರೆ. ಹಾಗಾಗಿ ಒಂದೊಂದು ಮಗು ಒಂದೊಂದು ಥರ ಎನ್ನುವ ಅಜ್ಜಿಯ ಮಾತು ಅನುಭವದ ಮಾತೇ ಸರಿ. ಮಾತು ತಡವಾದ ಎರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮುಂದೆ ತಾವಾಗಿಯೇ ಓರಗೆಯವರನ್ನು ಕೂಡಿಕೊಳ್ಳುತ್ತಾರೆ ಎಂಬುದೂ ನಿಜ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ. ವ್ಯತ್ಯಾಸ ಎಷ್ಟೇ ಅಗಲವಾಗಿದ್ದರೂ ಅದಕ್ಕೊಂದು ಅಂಚು ಇದೆ. ಹದಿನೆಂಟು ತಿಂಗಳು ತುಂಬಿಯೂ ನಡೆಯದ ಮಗು ಆ ಅಂಚಿನಿಂದ ಆಚೆ ನಿಂತಿದೆ. ಇನ್ನು ಮಾತಿನ ವಿಷಯದಲ್ಲಿ, ತಾನಾಗಿ ಕೂಡಿಕೊಳ್ಳುವ ಮಗು ಯಾವುದು, ಹಿಂದೆ ಉಳಿಯುವ ಮಗು ಯಾವುದು ಎಂಬುದು ಎರಡು ವರ್ಷದ ವಯಸ್ಸಿನಲ್ಲಿ ಮಾತಿನ ಎಣಿಕೆಯಿಂದಷ್ಟೇ ತಿಳಿಯುವುದಿಲ್ಲ. ಹೇಳಿದ್ದು ಅರ್ಥವಾಗುತ್ತದೆಯೆ, ಹೆಸರು ಕೂಗಿದರೆ ತಿರುಗುತ್ತದೆಯೆ, ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತದೆಯೆ, ಬರೀ ಲೋಟ ಹಿಡಿದು ಕಾಫಿ ಕುಡಿದಂತೆ ಆಡುತ್ತದೆಯೆ ಎಂಬುದನ್ನೆಲ್ಲ ನೋಡಬೇಕು. ಅವರಪ್ಪನಿಗೂ ತಡವಾಗಿತ್ತು ಎಂಬ ಸಂಗತಿಯೂ ಉಪಯುಕ್ತವೇ. ವೈದ್ಯರು ಅದನ್ನು ಕುಟುಂಬದ ಇತಿಹಾಸ ಎಂದು ಬರೆದುಕೊಳ್ಳುತ್ತಾರೆ. ನಾವು ಅದನ್ನು ಸಮಾಧಾನಕ್ಕೆ ಬಳಸುತ್ತೇವೆ, ಅಷ್ಟೇ ವ್ಯತ್ಯಾಸ. ಬಜೆಯ ಮಾತಿಗೆ ಬಂದರೆ, ಕಿವಿ ಕೇಳದ ಕಾರಣಕ್ಕೆ ಮಾತು ಬಾರದ ಮಗುವಿಗೆ ನಾಲಿಗೆಯ ಮೇಲೆ ಏನು ಹಚ್ಚಿದರೂ ಮಾತು ಬರುವುದಿಲ್ಲ.

ಒಬ್ಬರು: ಸರಿ, ಅಂಚು ದಾಟಿದ ಮಗು ಎಂದೇ ಇಟ್ಟುಕೊಳ್ಳೋಣ. ಹುಟ್ಟಿದಾಗಿನಿಂದ ನೋಡುತ್ತಿರುವ ಮಕ್ಕಳ ಡಾಕ್ಟರೇ ಇದ್ದಾರಲ್ಲ. ಇನ್ನೊಬ್ಬರು ಏಕೆ?

ಇನ್ನೊಬ್ಬರು: ಮಕ್ಕಳ ಡಾಕ್ಟರ ಬಳಿ ಇಲ್ಲದಿರುವುದು ಸಮಯ. ಜ್ವರ, ಭೇದಿ, ಲಸಿಕೆಗಳ ಸಾಲಿನ ನಡುವೆ ಐದು ನಿಮಿಷದಲ್ಲಿ, ಅಳುತ್ತಿರುವ ಮಗುವನ್ನು ನೋಡಿ, ಅದು ಹೇಗೆ ಆಡುತ್ತದೆ, ಹೇಗೆ ಬೆರೆಯುತ್ತದೆ ಎಂದು ಅಳೆಯಲಾಗದು. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 9, 18 ಮತ್ತು 30ನೇ ತಿಂಗಳಲ್ಲಿ ಲಿಖಿತ ಪ್ರಶ್ನಾವಳಿ ಇಟ್ಟುಕೊಂಡೇ ಬೆಳವಣಿಗೆಯನ್ನು ತಪಾಸಣೆ ಮಾಡಬೇಕು, 18 ಮತ್ತು 24ನೇ ತಿಂಗಳಲ್ಲಿ ಆಟಿಸಂಗೆಂದೇ ಬೇರೆ ಪ್ರಶ್ನೆ ಕೇಳಬೇಕು ಎನ್ನುತ್ತದೆ. ಕಣ್ಣಂದಾಜು ಸಾಲದು ಎಂಬುದನ್ನು ಆ ವೃತ್ತಿಯೇ ಒಪ್ಪಿಕೊಂಡಂತಾಯಿತು. ನಮ್ಮಲ್ಲೂ ತಿರುವನಂತಪುರದಲ್ಲಿ ರೂಪುಗೊಂಡು 1991ರಲ್ಲಿ ಪ್ರಕಟವಾದ ಹದಿನೇಳು ಅಂಶಗಳ ಒಂದು ಪಟ್ಟಿಯಿದೆ. ಎರಡು ವರ್ಷದೊಳಗಿನ ಮಕ್ಕಳಿಗಾಗಿ ಮಾಡಿದ್ದು, ತರಬೇತಿ ಕೊಟ್ಟರೆ ಅಂಗನವಾಡಿ ಕಾರ್ಯಕರ್ತೆಯೂ ಅದನ್ನು ಬಳಸಬಹುದು. ಇಂಥ ಪಟ್ಟಿಯಲ್ಲಿ ಅನುಮಾನ ಬಂದಾಗ ಮುಂದಿನ ಹೆಜ್ಜೆ ಈ ಬೆಳವಣಿಗೆ ತಜ್ಞರು. ಅವರೂ ಮೂಲತಃ ಮಕ್ಕಳ ವೈದ್ಯರೇ. ಮಕ್ಕಳ ವೈದ್ಯಕೀಯದ ಸ್ನಾತಕೋತ್ತರ ಓದು ಮುಗಿಸಿ, ನಡಿಗೆ, ಕೈಕೆಲಸ, ಮಾತು, ಬೆರೆಯುವಿಕೆ, ಕಲಿಕೆ ಇವೆಲ್ಲ ಒಟ್ಟಿಗೆ ಹೇಗೆ ಬೆಳೆಯುತ್ತವೆ ಎಂಬುದರಲ್ಲಿ ಹೆಚ್ಚಿನ ತರಬೇತಿ ಪಡೆದವರು. ಅಮೆರಿಕದಲ್ಲಿ ಇದು ಪ್ರತ್ಯೇಕ ಉಪವಿಭಾಗವೆಂದು ಮಾನ್ಯವಾದದ್ದೇ 1999ರಲ್ಲಿ. ನಮ್ಮಲ್ಲಿ ವೆಲ್ಲೂರಿನ ಸಿಎಂಸಿ, ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್‌ನಂಥ ಕೆಲವೇ ಕಡೆ ತರಬೇತಿ ಬೇರೂರಿದೆ. ಹಾಗಾಗಿ ಬೋರ್ಡಿನ ಮೇಲಿನ ಬಿರುದು ಒಂದನ್ನೇ ನಂಬದೆ, ‘ನೀವು ಮಕ್ಕಳ ವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಸಿಎಚ್ ಮಾಡಿದ್ದೀರಾ, ಬೆಳವಣಿಗೆಯ ವಿಷಯದಲ್ಲಿ ಎಲ್ಲಿ ತರಬೇತಿ ಪಡೆದಿರಿ’ ಎಂದು ವಿನಯದಿಂದ ಕೇಳಿದರೆ ತಪ್ಪೇನಿಲ್ಲ.

ಒಬ್ಬರು: ಅಲ್ಲೇ ಸಿಕ್ಕಿಬಿದ್ದಿರಿ. ಇಂಥವರು ಕೆಲವೇ ಜನ, ಅವರಲ್ಲೂ ಬಹುಪಾಲು ದೊಡ್ಡ ಊರುಗಳಲ್ಲೇ. ಯಾದಗಿರಿಯ ಹಳ್ಳಿಯ ತಾಯಿಗೆ ಬೆಂಗಳೂರಿನ ತಜ್ಞರ ಹೆಸರು ಹೇಳಿದರೆ ಏನು ಬಂತು? ಬೆಂಗಳೂರಿನವರೇ ಅಪಾಯಿಂಟ್‌ಮೆಂಟಿಗೆ ಕಾಯುತ್ತಾರೆ. ನೀವು ಹೇಳುವುದು ಉಳ್ಳವರ ಮಾತು.

ಇನ್ನೊಬ್ಬರು: ನಾನು ಹೇಳಬೇಕಾದ ಮುಖ್ಯ ಮಾತಿಗೆ ನೀವೇ ದಾರಿ ಮಾಡಿಕೊಟ್ಟಿರಿ. ಈ ತಜ್ಞರು ಸಾಲುವುದಿಲ್ಲ, ಬೇಗನೆ ಸಾಲುವಂತೆ ಆಗುವುದೂ ಇಲ್ಲ. 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಅಧ್ಯಯನ ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿತು. ದೃಷ್ಟಿ, ಶ್ರವಣ, ಮಾತು, ಮೂರ್ಛೆ, ಚಲನೆ, ಬುದ್ಧಿ, ಆಟಿಸಂ, ದೊಡ್ಡ ಮಕ್ಕಳಲ್ಲಿ ಎಡಿಎಚ್‌ಡಿ ಮತ್ತು ಕಲಿಕೆಯ ತೊಂದರೆ, ಇವುಗಳಲ್ಲಿ ಒಂದಾದರೂ ಇದ್ದ ಮಕ್ಕಳು ನೂರಕ್ಕೆ ಸುಮಾರು ಹನ್ನೆರಡು, ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಬ್ಬರು. ಎಂಟರಲ್ಲಿ ಒಂದು ಮಗುವನ್ನು ತಲಾ ಒಂದು ಗಂಟೆ ಕೂತು ನೋಡುವಷ್ಟು ಸೂಪರ್‌ಸ್ಪೆಷಲಿಸ್ಟ್‌ಗಳು ಯಾವ ದೇಶದಲ್ಲೂ ಇಲ್ಲ. ಅಮೆರಿಕದಲ್ಲೂ ತಿಂಗಳುಗಟ್ಟಲೆ ಸರದಿ ಕಾಯುತ್ತಾರೆ. ಸರದಿ ಇರುವುದು ಸಮಸ್ಯೆಯ ಒಂದು ಮುಖ. ಸರದಿಯಲ್ಲಿ ನಿಂತಷ್ಟು ದಿನವೂ ಏನೂ ಮಾಡಬಾರದು, ತಜ್ಞರು ಒಂದು ಹೆಸರು ಕೊಟ್ಟ ಮೇಲೆಯೇ ಎಲ್ಲ ಶುರು ಎಂದು ನಾವು ನಂಬಿರುವುದು ಅದಕ್ಕಿಂತ ದೊಡ್ಡ ಸಮಸ್ಯೆ. ರೋಗದ ಹೆಸರು ತಿಳಿಯದೆ ಔಷಧಿ ಕೊಡಬಾರದು ಎಂಬ ನಿಯಮ ಕ್ಷಯಕ್ಕೆ, ಕ್ಯಾನ್ಸರಿಗೆ ಸರಿ. ಬೆಳವಣಿಗೆಯ ವಿಷಯದಲ್ಲಿ ನೆರವು ನಿಲ್ಲುವುದು ಮಗುವಿಗೆ ಈಗ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದರ ಮೇಲೆ. ಹೆಸರು ಆಮೇಲೆ ಬರಬಹುದು, ಬದಲಾಗಲೂಬಹುದು.

ಒಬ್ಬರು: ಹೇಳುವುದು ಸುಲಭ. ಹೆಸರು ತಪ್ಪಿದರೆ ನೆರವೂ ತಪ್ಪುವುದಿಲ್ಲವೆ? ಇದಕ್ಕೆ ಆಧಾರ ಏನಿದೆ?

ಇನ್ನೊಬ್ಬರು: ಎಂ-ಚಾಟ್ ಎಂಬ ಪ್ರಶ್ನಾವಳಿಯನ್ನೇ ತೆಗೆದುಕೊಳ್ಳಿ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳ ಬಗ್ಗೆ ತಂದೆತಾಯಿ ಉತ್ತರಿಸಬೇಕಾದ ಇಪ್ಪತ್ತು ಪ್ರಶ್ನೆಗಳು. ಉತ್ತರ ಅನುಮಾನ ಹುಟ್ಟಿಸಿದರೆ ಎರಡನೇ ಸುತ್ತಿನಲ್ಲಿ ಅದೇ ಅಂಶಗಳನ್ನು ಬಿಡಿಸಿ ಕೇಳುತ್ತಾರೆ. ಪರಿಷ್ಕೃತ ಪ್ರಶ್ನಾವಳಿಯನ್ನು ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ ಫಲಿತಾಂಶ 2014ರಲ್ಲಿ ಬಂತು. ಎರಡೂ ಸುತ್ತಿನಲ್ಲಿ ಅನುಮಾನ ಉಳಿದು, ತಜ್ಞರ ಮೌಲ್ಯಮಾಪನಕ್ಕೆ ಬಂದ ಮಕ್ಕಳಲ್ಲಿ ಆಟಿಸಂ ಇದ್ದವರು ಅರ್ಧಕ್ಕೂ ಸ್ವಲ್ಪ ಕಡಿಮೆ, ಶೇ 47.5. ಇಲ್ಲಿಗೇ ನಿಲ್ಲಿಸಿದರೆ ಈ ಪ್ರಶ್ನಾವಳಿ ನಾಣ್ಯ ಚಿಮ್ಮಿದ ಹಾಗೆ ಎಂದು ನಗಬಹುದು. ಆದರೆ ಅದೇ ಮಕ್ಕಳಲ್ಲಿ ಆಟಿಸಂ ಅಥವಾ ಬೇರೆ ಯಾವುದಾದರೂ ಬೆಳವಣಿಗೆಯ ತಡ ಅಥವಾ ಆತಂಕ ಕಂಡುಬಂದವರು ನೂರಕ್ಕೆ ತೊಂಬತ್ತೈದು. ಹೆಸರಿನ ಊಹೆ ಅರ್ಧಕ್ಕರ್ಧ ತಪ್ಪಿತು, ಗಮನ ಬೇಕಾದ ಮಗು ಎಂಬ ಊಹೆ ಮಾತ್ರ ಹೆಚ್ಚುಕಡಿಮೆ ಎಲ್ಲರಲ್ಲೂ ನಿಜವಾಯಿತು. ಇದರಿಂದ ನನಗೆ ಹೊಳೆಯುವ ಕ್ರಮ ಇಷ್ಟು: ಅನುಮಾನ ಬಂದ ವಾರವೇ ಎರಡು ಕೆಲಸ ಒಟ್ಟೊಟ್ಟಿಗೆ ಶುರುವಾಗಬೇಕು. ತಜ್ಞರ ಸರದಿಗೆ ಹೆಸರು ಬರೆಸುವುದು ಒಂದು, ಮಗುವಿನ ಜೊತೆಗಿನ ಕೆಲಸ ಇನ್ನೊಂದು. ಒಂದು ಇನ್ನೊಂದಕ್ಕಾಗಿ ಕಾಯಬೇಕಿಲ್ಲ.

ಒಬ್ಬರು: ಮಗುವಿನ ಜೊತೆಗಿನ ಕೆಲಸ ಅಂದರೆ ಏನು? ಯಾರು ಮಾಡಿಸುತ್ತಾರೆ? ಯಾದಗಿರಿಯ ತಾಯಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಇನ್ನೊಬ್ಬರು: ಅವರಿಗೆ ಮೊದಲ ವಿಳಾಸ ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯಕೀಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅದು ಹುಡುಕುವ ನಾಲ್ಕು ಬಗೆಯ ತೊಂದರೆಗಳಲ್ಲಿ ಬೆಳವಣಿಗೆಯ ವಿಳಂಬವೂ ಒಂದು. ತಂಡಕ್ಕೆ ಅನುಮಾನ ಬಂದರೆ ಜಿಲ್ಲಾ ಮಟ್ಟದ ಡಿಇಐಸಿ ಎಂಬ ಆರಂಭಿಕ ನೆರವಿನ ಕೇಂದ್ರಕ್ಕೆ ಕಳಿಸುತ್ತದೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕು ಎಂಬುದು ಆ ಕೇಂದ್ರದ ಕಲ್ಪನೆ. ತಂಡ ಬರಲಿ ಎಂದು ಆರು ತಿಂಗಳು ಕಾಯದೆ, ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಯಾರು ಇರುತ್ತಾರೆ ಎಂದು ವಿಚಾರಿಸಿ ನೇರವಾಗಿಯೇ ಹೋಗಬಹುದು. ಎರಡನೆಯದು ಕಿವಿಯ ಪರೀಕ್ಷೆ. ಮಾತು ತಡವಾದ ಪ್ರತಿ ಮಗುವಿಗೂ ಇದು ಆಗಲೇಬೇಕು. ಬಾಗಿಲು ಬಡಿದರೆ ತಿರುಗುತ್ತಾನೆ ಎಂಬ ಸಾಕ್ಷಿ ನಿಲ್ಲುವುದಿಲ್ಲ. ದೊಡ್ಡ ಸದ್ದು ಕೇಳಿಸಿ, ಮಾತಿನ ಸಣ್ಣ ಧ್ವನಿಗಳು ಕೇಳಿಸದ ಮಕ್ಕಳಿರುತ್ತಾರೆ. ಒಎಇ, ಬೆರಾ ಎಂಬ ಪರೀಕ್ಷೆಗಳಿಗೆ ಮಗುವಿನ ಉತ್ತರವೇ ಬೇಕಿಲ್ಲ, ನಿದ್ದೆಯಲ್ಲೂ ಮಾಡುತ್ತಾರೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿ ಕನ್ನಡದಲ್ಲೇ ಮಾತನಾಡಿಸಿ ಪರೀಕ್ಷಿಸುತ್ತಾರೆ ಎಂಬುದು ಸಣ್ಣ ಅನುಕೂಲವಲ್ಲ. ಮೂರನೆಯದು ಮನೆಯ ಕೆಲಸ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಅಲ್ಲಿ ತಾಯ್ತಂದೆಯರಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಗು ಏನನ್ನು ನೋಡುತ್ತಿದೆಯೋ ಅದರ ಬಗ್ಗೆಯೇ ಮಾತಾಡುವುದು, ಮಗುವಿನ ಸರದಿಗೆ ಕಾಯುವುದು, ಇಂಥ ಸಂಗತಿಗಳು. ಎಂಟು ತಿಂಗಳ ನಂತರ ತಂದೆತಾಯಿಯ ಸ್ಪಂದನೆ ಸುಧಾರಿಸಿತ್ತು, ಮಗು ತಾನಾಗಿ ಸಂವಹನ ಶುರು ಮಾಡುವುದೂ ಹೆಚ್ಚಿತ್ತು. ಎಲ್ಲ ಅಳತೆಯಲ್ಲೂ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ತಜ್ಞರಿಲ್ಲದ ಕಡೆಯೂ ಮಾಡಬಹುದಾದ ಕೆಲಸವಿದೆ ಎಂಬುದಕ್ಕೆ ಅಷ್ಟು ಸಾಕು.

ಒಬ್ಬರು: ಹಾಗಾದರೆ ನಿಮ್ಮ ವಾದ ನಿಮಗೇ ತಿರುಗಿತು. ಅಂಗನವಾಡಿ ಗುರುತಿಸುತ್ತದೆ, ಡಿಇಐಸಿ ಕಲಿಸುತ್ತದೆ, ತಾಯಿ ಮಾಡುತ್ತಾಳೆ. ಹೆಸರೂ ಮುಖ್ಯವಲ್ಲ. ಮತ್ತೆ ಆ ದೊಡ್ಡ ತಜ್ಞರು ಏಕೆ ಬೇಕು? ಸರದಿಯನ್ನೇ ಬಿಟ್ಟು ಬಂದರಾಯಿತು.

ಇನ್ನೊಬ್ಬರು: ನೆರವು ಕಾಯಬೇಕಿಲ್ಲ ಎಂದೆ, ಕಾರಣ ಹುಡುಕುವುದು ಬೇಡ ಎನ್ನಲಿಲ್ಲ. ಹೊರಗೆ ಒಂದೇ ಥರ ಕಾಣುವ ಮಕ್ಕಳ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ. ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನು ಕಡಿಮೆಯಿರುವ ಕೂಸಿಗೆ ಬೇಗ ಮಾತ್ರೆ ಶುರುವಾದರೆ ಬುದ್ಧಿ ಉಳಿಯುತ್ತದೆ, ತಡವಾದರೆ ಕಳೆದದ್ದು ಮರಳುವುದಿಲ್ಲ. ನಡಿಗೆ ತಡವಾದ, ಮಾತೂ ತಡವಾದ ಗಂಡು ಮಗುವಿನಲ್ಲಿ ಕೆಲವೊಮ್ಮೆ ಡುಶೆನ್ ಎಂಬ ಸ್ನಾಯು ಕಾಯಿಲೆ ಅಡಗಿರುತ್ತದೆ. ರಕ್ತದ ಸಿಪಿಕೆ ಪರೀಕ್ಷೆ ಅದರ ಸುಳಿವು ಕೊಡುತ್ತದೆ, ಆದರೆ ಆ ಪರೀಕ್ಷೆ ಮಾಡಿಸಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಮಗು ಮಾತು ಕಳೆದುಕೊಂಡರೆ ನಿದ್ದೆಯಲ್ಲಿ ಇಇಜಿ ಮಾಡಿ ಒಳಗೊಳಗೇ ಮೂರ್ಛೆಯ ಅಲೆಗಳಿವೆಯೇ ನೋಡಬೇಕಾಗುತ್ತದೆ. ಚರ್ಮದ ಮೇಲಿನ ಮಾಸಲು ಬಿಳಿ ಮಚ್ಚೆಗಳು ಟ್ಯೂಬರಸ್ ಸ್ಕ್ಲೆರೋಸಿಸ್‌ನ ಸುಳಿವಾಗಿರಬಹುದು. ಇವನ್ನೆಲ್ಲ ಹುಡುಕುವುದು ಸ್ಪೀಚ್ ಥೆರಪಿಸ್ಟರ ಕೆಲಸವಲ್ಲ. ಇನ್ನೊಂದು ಕಾರಣವೂ ಇದೆ. ಮಾತಿನ ತಜ್ಞರಿಗೆ ಮಾತು ಕಾಣುತ್ತದೆ, ಫಿಸಿಯೋಥೆರಪಿಸ್ಟರಿಗೆ ಸ್ನಾಯು ಕಾಣುತ್ತದೆ, ಮನಶ್ಶಾಸ್ತ್ರಜ್ಞರಿಗೆ ಅಂಕ ಕಾಣುತ್ತದೆ. ಒಬ್ಬೊಬ್ಬರೂ ವಾರಕ್ಕೆ ಮೂರು ದಿನ ಬನ್ನಿ ಎಂದರೆ ಮಗುವಿಗೆ ಆಡಲು ಹೊತ್ತಿಲ್ಲ, ತಾಯಿಗೆ ಉಸಿರಾಡಲು ಹೊತ್ತಿಲ್ಲ. ಮುಂದಿನ ಮೂರು ತಿಂಗಳು ಯಾವುದು ಮೊದಲು, ಯಾವುದನ್ನು ಸದ್ಯ ಬಿಡಬಹುದು ಎಂದು ಇಡೀ ಮಗುವನ್ನು ನೋಡಿ ಹೇಳುವವರು ಒಬ್ಬರು ಬೇಕು. ವರ್ಷಕ್ಕೆ ಕೆಲವೇ ಸಲ ಭೇಟಿಯಾದರೂ ಸಾಕು, ತಜ್ಞರ ನಿಜವಾದ ಬೆಲೆ ಇರುವುದು ಅಲ್ಲಿ.

ಒಬ್ಬರು: ಹೆಸರು ಮುಖ್ಯವಲ್ಲ ಎಂದಿರಿ. ಜನಕ್ಕೆ ಮುಖ್ಯ. ಒಂದು ಸಲ ಆಟಿಸಂ ಎಂದು ಬರೆದರೆ ನೆಂಟರು, ಶಾಲೆ, ಮುಂದೆ ಅಕ್ಕನ ಮದುವೆ, ಎಲ್ಲಕ್ಕೂ ಅಡ್ಡ. ಹೆಸರಿಡಿಸಿಕೊಳ್ಳದೆ ಸುಮ್ಮನಿರುವುದೇ ಮೇಲು ಎನ್ನುವ ತಂದೆಯನ್ನು ನಾನು ದೂಷಿಸಲಾರೆ.

ಇನ್ನೊಬ್ಬರು: ನಾನೂ ದೂಷಿಸುವುದಿಲ್ಲ. ಆ ಭಯ ಊಹೆಯಲ್ಲ, ಸಮಾಜ ಕೊಟ್ಟದ್ದು. ಆದರೆ ವೈದ್ಯರು ಹೆಸರು ಕೊಡದಿದ್ದರೆ ಹೆಸರಿಲ್ಲದೆ ಉಳಿಯುತ್ತದೆಯೆ ಮಗು? ಊರು ಕೊಡುವ ಹೆಸರುಗಳು ಮೊದಲೇ ಬಂದಿರುತ್ತವೆ. ಹಟಮಾರಿ, ಮೊದ್ದು, ಬೆಳೆಸಲು ಬಾರದ ತಾಯಿಯ ಮಗ. ಈ ಹೆಸರುಗಳಿಂದ ಯಾವ ನೆರವೂ ಹುಟ್ಟುವುದಿಲ್ಲ. ವೈದ್ಯರು ಕೊಡುವ ಹೆಸರಿಗಾದರೆ ಕಾನೂನಿನ ಬಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆ ಎಲ್ಲ ಸೇರಿವೆ. ಪ್ರಮಾಣ ಶೇ 40 ಅಥವಾ ಹೆಚ್ಚು ಎಂದು ದೃಢಪಟ್ಟರೆ ಹಲವು ಸೌಲಭ್ಯಗಳು ತೆರೆದುಕೊಳ್ಳುತ್ತವೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಹೆಸರನ್ನು ಬಾಗಿಲಿಗೆ ತೂಗುಹಾಕಬೇಕಾಗಿಲ್ಲ. ಎಲ್ಲಿ ಅದರಿಂದ ಮಗುವಿಗೆ ಪ್ರಯೋಜನವಿದೆಯೋ ಅಲ್ಲಿ ತೋರಿಸಿ, ಉಳಿದ ಕಡೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಚಿಕ್ಕ ಮಗುವಿನ ವಿಷಯದಲ್ಲಿ ಪ್ರಾಮಾಣಿಕ ವೈದ್ಯರು ‘ಸದ್ಯಕ್ಕೆ ಬೆಳವಣಿಗೆಯ ವಿಳಂಬ ಎಂದಷ್ಟೇ ಬರೆಯುತ್ತೇನೆ, ಆರು ತಿಂಗಳ ನಂತರ ನೋಡೋಣ’ ಎನ್ನುವುದೂ ಉಂಟು. ಅದನ್ನು ಅಸಾಮರ್ಥ್ಯ ಎಂದುಕೊಳ್ಳಬಾರದು.

ಒಬ್ಬರು: ಇನ್ನೊಂದು ಕಡೆಯಿಂದ ನೋಡಿ. ಬೆಂಗಳೂರಿನಲ್ಲಿ ಥೆರಪಿ ಸೆಂಟರುಗಳು ಬಡಾವಣೆಗೊಂದರಂತೆ ಎದ್ದಿವೆ. ಹೆದರಿದ ತಂದೆತಾಯಿಯಷ್ಟು ಸುಲಭದ ಗಿರಾಕಿ ಬೇರೆ ಇಲ್ಲ. ಬೇಗ ಬನ್ನಿ, ಬೇಗ ಬನ್ನಿ ಎಂಬ ನಿಮ್ಮ ಮಾತು ಈ ವ್ಯಾಪಾರಕ್ಕೆ ಎಣ್ಣೆ ಹೊಯ್ಯುವುದಿಲ್ಲವೆ?

ಇನ್ನೊಬ್ಬರು: ಈ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. ಒಪ್ಪುವುದರಿಂದಲೇ ಥೆರಪಿಯಿಂದ ತಮಗೆ ಲಾಭವಿಲ್ಲದ ಒಬ್ಬ ವೈದ್ಯರ ಅಭಿಪ್ರಾಯ ಬೇಕು ಎನ್ನುತ್ತೇನೆ. ಥೆರಪಿ ಮಾರುವ ಜಾಗದಲ್ಲೇ ಥೆರಪಿ ಬೇಕೋ ಬೇಡವೋ ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತಿರುತ್ತದೆ. ಒಳ್ಳೆಯ ಕೇಂದ್ರವನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಮಾತಿನ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ಆ ಸಂಖ್ಯೆಯನ್ನು ಕೇಳಿ ಪಡೆಯಬಹುದು. ಗುರಿ ಏನು ಎಂದು ಬರೆದುಕೊಡಬೇಕು. ‘ಏಕಾಗ್ರತೆ ಹೆಚ್ಚಿಸುತ್ತೇವೆ’ ಎಂಬುದು ಗುರಿಯಲ್ಲ. ‘ಮೂರು ತಿಂಗಳಲ್ಲಿ ನೀರು ಬೇಕಾದಾಗ ಕೈ ಹಿಡಿದು ಎಳೆಯುವ ಬದಲು ತೋರಿಸಿ ಕೇಳುವಂತೆ ಮಾಡುತ್ತೇವೆ’ ಎಂದರೆ ಅಳೆಯಬಹುದಾದ ಗುರಿ. ತಾಯ್ತಂದೆಯರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಕೇಂದ್ರಕ್ಕಿಂತ, ಒಳಗೆ ಕರೆದು ಕಲಿಸುವ ಕೇಂದ್ರ ಮೇಲು. ವಾರದ ಎರಡು ಗಂಟೆಯ ಥೆರಪಿಗಿಂತ ಮನೆಯ ಉಳಿದ ಗಂಟೆಗಳು ಎಷ್ಟೋ ಪಟ್ಟು ಹೆಚ್ಚು. ಪೂರ್ತಿ ಗುಣಪಡಿಸುತ್ತೇವೆ ಎಂದವರಿಂದ ದೂರ ಇರಿ. ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತಿಗೆ ಆಸ್ತಿ ಅಡವಿಡಬೇಡಿ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಂಥ ಮಾನ್ಯ ಸಂದರ್ಭಗಳನ್ನು ಬಿಟ್ಟು ಉಳಿದದ್ದಕ್ಕೆ ಅದನ್ನು ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ನಡೆಸಬೇಕು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಬೇಗ ಬನ್ನಿ ಎಂದರೆ ಬೇಗ ನೋಡಿಸಿ ಎಂದರ್ಥ, ಬೇಗ ದುಡ್ಡು ಸುರಿಯಿರಿ ಎಂದಲ್ಲ.

ಒಬ್ಬರು: ಮೊಬೈಲಿನ ಮಾತೇ ಎತ್ತಲಿಲ್ಲವಲ್ಲ ನೀವು. ಊಟಕ್ಕೂ ಮೊಬೈಲು, ನಿದ್ದೆಗೂ ಮೊಬೈಲು. ಮನೆಯಲ್ಲಿ ಕನ್ನಡ, ಆಯಾ ಜೊತೆ ಹಿಂದಿ, ಪ್ಲೇಹೋಮಿನಲ್ಲಿ ಇಂಗ್ಲಿಷು. ಮಗು ಗೊಂದಲಕ್ಕೆ ಬೀಳದೆ ಇನ್ನೇನು? ಮೊದಲು ಇವನ್ನು ಸರಿಮಾಡಿ, ಆಮೇಲೆ ಡಾಕ್ಟರು.

ಇನ್ನೊಬ್ಬರು: ಮೊಬೈಲನ್ನು ಇವತ್ತೇ ಕಿತ್ತಿಡಿ, ಅದಕ್ಕೆ ಯಾವ ತಜ್ಞರೂ ಬೇಕಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಪರದೆಯ ಮುಂದೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಮಾತು ಹಿಂದೆ ಬೀಳುವುದು ಕಂಡಿದೆ. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಕೇಳಿಕೊಳ್ಳಬೇಕು. ಕರೆದರೆ ಬಾರದ, ಜೊತೆಗೆ ಆಡದ, ಊಟಕ್ಕೆ ರಂಪ ಮಾಡುವ ಮಗುವಿನ ಕೈಗೇ ಮೊದಲು ಮೊಬೈಲು ಹೋಗುತ್ತದೆ. ಹಾಗಾಗಿ ಮೊಬೈಲು ಬಿಡಿಸಿ ಆರು ತಿಂಗಳು ನೋಡುತ್ತೇವೆ ಎಂದು ಕಿವಿಯ ಪರೀಕ್ಷೆಯನ್ನು ಮುಂದೂಡಬಾರದು. ಭಾಷೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಒಪ್ಪಲಾರೆ. ಎರಡು ಭಾಷೆ ಕೇಳಿ ಬೆಳೆದ ಮಕ್ಕಳಲ್ಲಿ ಅದೇ ಕಾರಣಕ್ಕೆ ಭಾಷಾ ತೊಂದರೆ ಬರುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ, ಆಟಿಸಂ ಇರುವ ಮಕ್ಕಳಲ್ಲೂ ಹಾನಿ ಕಂಡಿಲ್ಲ. ಆದರೂ ‘ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ’ ಎಂಬ ಸಲಹೆ ಇನ್ನೂ ಸಿಗುತ್ತದೆ. ತಾಯಿಗೆ ಸರಾಗವಾಗಿ ಬಾರದ ಭಾಷೆಯಲ್ಲಿ ಮಗುವಿನೊಡನೆ ಮಾತಾಡಲು ಹೇಳಿದರೆ ಮಾತೇ ಕಡಿಮೆಯಾಗುತ್ತದೆ, ಮುದ್ದು, ಗದರಿಕೆ, ಲಾಲಿ, ತಮಾಷೆ ಎಲ್ಲ ಸೊರಗುತ್ತವೆ. ಅಜ್ಜ ಅಜ್ಜಿಯಂತೂ ಪೂರ್ತಿ ಹೊರಗೆ. ಮಾತು ಕಡಿಮೆ ಇರುವ ಮಗುವಿಗೆ ಮಾತಾಡುವವರನ್ನೇ ಕಡಿಮೆ ಮಾಡುವ ಸಲಹೆ ಅದು. ಅಂಥ ಸಲಹೆ ಸಿಕ್ಕರೆ ‘ಇದಕ್ಕೆ ಆಧಾರವೇನು ಡಾಕ್ಟರೇ’ ಎಂದು ಕೇಳಿ.

ಒಬ್ಬರು: ಕೊನೆಗೂ ಸರದಿ ಬಂತು ಎಂದುಕೊಳ್ಳಿ. ಡಾಕ್ಟರು ಒಂದು ಗಂಟೆ ನೋಡಿ ಏನು ಕಂಡುಹಿಡಿಯುತ್ತಾರೆ? ಹೊಸ ಜಾಗದಲ್ಲಿ ಮಗು ಅಳುತ್ತದೆ, ಮೂಲೆ ಸೇರುತ್ತದೆ.

ಇನ್ನೊಬ್ಬರು: ಅದಕ್ಕೇ ಆ ಒಂದು ಗಂಟೆಯ ಫಲ ಅರ್ಧ ವೈದ್ಯರ ಕೈಯಲ್ಲಿ, ಅರ್ಧ ತಂದೆತಾಯಿಯ ಚೀಲದಲ್ಲಿ. ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತೂಕ ಮತ್ತು ಲಸಿಕೆಯ ದಾಖಲೆ, ಹಿಂದಿನ ಪರೀಕ್ಷೆಗಳು, ಅಂಗನವಾಡಿ ಅಥವಾ ಶಾಲೆಯ ಟೀಚರು ಬರೆದ ನಾಲ್ಕು ಸಾಲು ಇರಲಿ. ಹುಟ್ಟಿದ ಕೂಡಲೇ ಅತ್ತಿತೇ, ತಿಂಗಳು ತುಂಬಿತ್ತೇ, ಕಾಮಾಲೆಗೆ ಬೆಳಕಿನಡಿ ಇಟ್ಟಿದ್ದರೇ, ಫಿಟ್ಸ್ ಬಂದಿತ್ತೇ ಎಂದು ಕೇಳುತ್ತಾರೆ, ದಿನಾಂಕಗಳೊಡನೆ ಬರೆದುಕೊಂಡು ಹೋಗಿ. ಮನೆಯಲ್ಲಿ ಆಡುವ, ಉಣ್ಣುವ, ಹೆಸರು ಕರೆದಾಗ ತಿರುಗುವ ಅಥವಾ ತಿರುಗದ ಒಂದೊಂದು ನಿಮಿಷದ ವಿಡಿಯೊ ಫೋನಿನಲ್ಲಿದ್ದರೆ ಕ್ಲಿನಿಕ್ಕಿನ ಅಳು ಲೆಕ್ಕಕ್ಕೆ ಬರುವುದಿಲ್ಲ. ದಿನವಿಡೀ ಮಗುವಿನ ಜೊತೆ ಇರುವವರು ಅಜ್ಜಿಯಾದರೆ ಅಜ್ಜಿಯೂ ಬರಲಿ. ಸೋದರಮಾವನೊಡನೆ ಮದುವೆಯೇ, ಸೋದರತ್ತೆಯ ಮಗನೇ ಎಂಬ ಪ್ರಶ್ನೆ ಬಂದರೆ ಬೇಸರ ಬೇಡ. ನಮ್ಮ ಕಡೆ ಸೋದರ ಸಂಬಂಧದ ಮದುವೆಗಳು ಸಾಮಾನ್ಯ, ಕೆಲವು ಆನುವಂಶಿಕ ಕಾಯಿಲೆಗಳನ್ನು ಯೋಚಿಸಲು ವೈದ್ಯರಿಗೆ ಆ ಮಾಹಿತಿ ಬೇಕು. ಅವರು ತಲೆಯ ಸುತ್ತಳತೆ ತೆಗೆಯುತ್ತಾರೆ, ಚರ್ಮ, ಕಣ್ಣು, ಸ್ನಾಯು ನೋಡುತ್ತಾರೆ, ನೆಲದ ಮೇಲೆ ಕೂತು ಬ್ಲಾಕು, ಬೊಂಬೆ ಇಟ್ಟು ಆಡಿಸುತ್ತಾರೆ. ಆಟ ಆಡಿಸಿ ಕಳಿಸಿದರು, ಔಷಧಿಯನ್ನೇ ಬರೆಯಲಿಲ್ಲ ಎಂದು ಗೊಣಗಬಾರದು. ಆ ಆಟವೇ ಪರೀಕ್ಷೆ, ಮಾತು ತರಿಸುವ ಔಷಧಿಯಂತೂ ಇಲ್ಲವೇ ಇಲ್ಲ. ಪ್ರತಿ ಮಗುವಿಗೂ ಎಂಆರ್‌ಐ ಬೇಕಿಲ್ಲ, ಬರೆದುಕೊಟ್ಟರೆ ಏನನ್ನು ಹುಡುಕುತ್ತಿದ್ದೀರಿ ಎಂದು ಕೇಳಬಹುದು. ಎದ್ದು ಬರುವ ಮೊದಲು ಐದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು: ನೀವು ಏನನ್ನು ಕಂಡಿರಿ, ಯಾವುದು ಖಚಿತ ಯಾವುದು ಅನುಮಾನ, ಕಾರಣಕ್ಕಾಗಿ ಯಾವ ಪರೀಕ್ಷೆ, ಮುಂದಿನ ಮೂರು ತಿಂಗಳು ಮನೆಯಲ್ಲಿ ಏನು ಮಾಡಬೇಕು, ಏನಾದರೆ ಮೊದಲೇ ಬರಬೇಕು. ಇವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಊರಿಗೆ ಮರಳಿದ ಮೇಲೆ ಡಿಇಐಸಿಯ ಥೆರಪಿಸ್ಟರು ಕೆಲಸ ಮುಂದುವರಿಸುವುದು ಆ ಕಾಗದದ ಆಧಾರದ ಮೇಲೆಯೇ.

ಒಬ್ಬರು: ಸರದಿಯಲ್ಲಿ ಕಾಯಬಹುದು ಎನ್ನುತ್ತೀರಿ. ಕಾಯಲೇಬಾರದ ಸಂದರ್ಭ ಇಲ್ಲವೆ?

ಇನ್ನೊಬ್ಬರು: ಇದೆ. ಬಂದಿದ್ದ ಮಾತು, ನಗು, ಕೈಕೆಲಸ, ನಡಿಗೆ ಯಾವುದೇ ವಯಸ್ಸಿನಲ್ಲಿ ಕಳೆದುಹೋಗತೊಡಗಿದರೆ, ಫಿಟ್ಸ್ ಬಂದರೆ, ಕೂಸು ಇದ್ದಕ್ಕಿದ್ದಂತೆ ಪದೇಪದೇ ಮುದುರಿ ಬೆಚ್ಚುವಂತೆ ಮಾಡುತ್ತಿದ್ದರೆ ಅಪಾಯಿಂಟ್‌ಮೆಂಟಿನ ಮಾತೇ ಬೇಡ. ಹತ್ತಿರದ ಮಕ್ಕಳ ವೈದ್ಯರು ಅಥವಾ ಜಿಲ್ಲಾ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ಉಳಿದಂತೆ, ವರ್ಷ ತುಂಬಿದರೂ ತೊದಲು ಶಬ್ದವಿಲ್ಲ, ಬೆರಳು ತೋರಿಸುವುದಿಲ್ಲ, ಹದಿನಾರು ತಿಂಗಳಿಗೆ ಒಂದು ಪದವಿಲ್ಲ, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸುವುದಿಲ್ಲ ಎಂದರೆ ಸರದಿಗೆ ಹೆಸರು ಬರೆಸಿ, ಕಿವಿ ಪರೀಕ್ಷೆ ಮಾಡಿಸಿ, ಕೆಲಸ ಶುರುಮಾಡಿ. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದರೆ ನಷ್ಟವಾದದ್ದು ಒಂದೆರಡು ದಿನದ ಕೂಲಿ, ಬಸ್ಸಿನ ಖರ್ಚು. ಬಡವರಿಗೆ ಅದೂ ಸಣ್ಣದಲ್ಲ ಎಂದು ಒಪ್ಪುತ್ತೇನೆ. ಆದರೆ ಕಿವಿ ಕೇಳದ ಮಗುವಿನ ಮೂರು ವರ್ಷ ಕಳೆದರೆ ಆಗುವ ನಷ್ಟಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಒಬ್ಬರು: ಒಂದು ಮಾತು ಉಳಿಯಿತು. ಇಷ್ಟೆಲ್ಲ ಭಾರವನ್ನೂ ನೀವು ತಾಯ್ತಂದೆಯರ ಮೇಲೇ ಹೊರಿಸಿದಿರಿ. ಕೇಳಬೇಕು, ಬರೆಯಬೇಕು, ಹುಡುಕಬೇಕು, ಮನೆಯಲ್ಲಿ ಕಲಿಸಬೇಕು. ದಿನಗೂಲಿಯ ಮನೆಯಲ್ಲಿ ಇದೆಲ್ಲ ಯಾರು ಮಾಡುತ್ತಾರೆ?

ಇನ್ನೊಬ್ಬರು: ನಿಮ್ಮ ಆಕ್ಷೇಪಗಳಲ್ಲೆಲ್ಲ ಇದಕ್ಕೇ ಹೆಚ್ಚು ತೂಕ. ಇದಕ್ಕೆ ಮನೆಯೊಳಗೆ ಉತ್ತರವಿಲ್ಲ. ಹೆಸರಿಗಿಂತ ಮೊದಲು ನೆರವು ಎಂಬುದು ನಿಜವಾದರೆ ಅದು ಸರ್ಕಾರಕ್ಕೂ ಅನ್ವಯಿಸಬೇಕು. ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ವಿಭಾಗ ತೆರೆದರೆ ಹೆಸರು ಕೊಡುವವರು ಹೆಚ್ಚುತ್ತಾರೆ. ಅದೂ ಬೇಕು. ಆದರೆ ನೆರವು ಹೆಚ್ಚಬೇಕಾದರೆ ಪ್ರತಿ ಜಿಲ್ಲೆಯ ಡಿಇಐಸಿಯಲ್ಲಿ ಮಾತಿನ ತಜ್ಞರು, ಫಿಸಿಯೋಥೆರಪಿಸ್ಟರು, ವಿಶೇಷ ಶಿಕ್ಷಕರು ವರ್ಷವಿಡೀ ಇರಬೇಕು, ಹುದ್ದೆ ಖಾಲಿ ಬಿಡಬಾರದು. 2018ರಿಂದ ಆಶಾ ಕಾರ್ಯಕರ್ತೆಯರು ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ ಐದು ಸಲ ಕೂಸಿನ ಮನೆಗೆ ಹೋಗುವ ಕಾರ್ಯಕ್ರಮವಿದೆ. ತೂಕ, ಊಟದ ಜೊತೆಗೆ ಆಟ ಮತ್ತು ಮಾತಿನ ಬಗ್ಗೆಯೂ ಅವರು ವಿಚಾರಿಸಬೇಕು. ಅದಕ್ಕೆ ಬೇಕಾದ ತರಬೇತಿ ಮತ್ತು ಗೌರವಧನ ಎರಡನ್ನೂ ಕೊಡಬೇಕು. ಥೆರಪಿಗೆ ಬರುವ ತಾಯಿಗೆ ಬಸ್ ಪಾಸ್ ಇದ್ದರೆ ಸಾಲದು, ಕಳೆದುಕೊಂಡ ಕೂಲಿಯ ಲೆಕ್ಕವನ್ನೂ ಯಾರಾದರೂ ಹಾಕಬೇಕು. ಇಷ್ಟಾದರೆ ತಜ್ಞರ ಮುಂದಿನ ಸರದಿಯೂ ತಾನಾಗಿ ಚಿಕ್ಕದಾಗುತ್ತದೆ. ಕಾರಣ ಹುಡುಕಬೇಕಾದ ಮಕ್ಕಳು, ದಾರಿ ತೋಚದ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಉಳಿದವರ ಕೆಲಸ ಅವರವರ ಜಿಲ್ಲೆಯಲ್ಲೇ ನಡೆಯುತ್ತದೆ. ಅಲ್ಲಿಯವರೆಗೆ ತಾಯ್ತಂದೆಯರು ಹುಡುಕಲೇಬೇಕು. ಹುಡುಕುವಾಗ ಮಗುವಿಗೆ ಏನಾಗಿದೆ ಎಂದಷ್ಟೇ ಕೇಳಿದರೆ ಒಂದು ಹೆಸರು ಸಿಗುತ್ತದೆ. ನಾಳೆ ಬೆಳಿಗ್ಗೆಯಿಂದ ಏನು ಮಾಡಬೇಕು ಎಂದೂ ಕೇಳಬೇಕು, ಆ ಉತ್ತರ ಕೊಡುವ ವೈದ್ಯರೇ ಸರಿಯಾದ ವೈದ್ಯರು.